ಜೇವರ್ಗಿ ಎಂದು ಟೈಪ್ ಮಾಡುವ ಖುಷಿ

ಮಾನ್ಯ ಸಂಪಾದಕರೇ,

ಕಲಬುರಗಿಯ ಮಿನಿ ವಿಧಾನಸೌಧದ ಹತ್ತಿರ ನಮ್ಮದೊಂದು ಸಣ್ಣ ಟೈಪಿಂಗ್ ಅಂಗಡಿ ಇದೆ. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ದಿನವಿಡೀ ಇದೇ ಕೆಲಸ. ಹೆಚ್ಚಿನದನ್ನೆಲ್ಲ ಬೆರಳು ತಾನಾಗಿ ಹೊಡೆದುಕೊಂಡು ಹೋಗುತ್ತದೆ. ಆದರೆ ಕೆಲವು ಹೆಸರು ಬಂದರೆ ನಾನು ಬೇಕಂತಲೇ ನಿಧಾನ ಮಾಡುತ್ತೇನೆ.

ನಮ್ಮ ಜಿಲ್ಲೆಯ ಊರು ಜೇವರ್ಗಿ ಅಂಥದ್ದೊಂದು ಹೆಸರು. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ವ ಆದ ಮೇಲೆ ರ ಹೊಡೆಯಬೇಕು. ಆಮೇಲೆ ಅಕ್ಷರ ಜೋಡಿಸುವ ಎಫ್ ಕೀ ಒತ್ತಿದರೆ ಅದು ರ್ ಆಗುತ್ತದೆ. ಈಗ ಗ ಒತ್ತಿ ನೋಡಿ. ಮುಂದೆ ನಿಂತಿದ್ದ ರ ಅಲ್ಲಿಂದ ಎದ್ದು, ಗ ದಾಟಿ, ಅದರ ಬಲಕ್ಕೆ ಅರ್ಕಾವತ್ತಾಗಿ ಕೂತುಬಿಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕು ಅನಿಸಿಲ್ಲ.

ಲಕ್ಷ್ಮೀಬಾಯಿ ಇನ್ನೂ ಚೆಂದ. ನಮ್ಮ ಕಡೆ ಈ ಹೆಸರಿನವರು ಜಾಸ್ತಿ. ಕ, ಎಫ್, ಷ ಹೊಡೆದ ಕೂಡಲೇ ಎರಡೂ ಕರಗಿ ಕ್ಷ ಆಗುತ್ತದೆ. ಮತ್ತೆ ಎಫ್, ಆಮೇಲೆ ಮ. ಕೆಳಗೊಂದು ಒತ್ತು ಬಂದು ಸೇರುತ್ತದೆ. ಒಂದು ಅಕ್ಷರದ ಜಾಗದಲ್ಲಿ ಮೂರು ವ್ಯಂಜನ! ಪಿಂಚಣಿ ಅರ್ಜಿಗೆ ಬಂದ ಅಜ್ಜಿಯ ಕಡೆ ಸ್ಕ್ರೀನ್ ತಿರುಗಿಸಿ, "ಆಯೀ, ಇಲ್ಲಿ ನೋಡ್ರಿ, ನಿಮ್ಮ ಹೆಸರು" ಅಂತ ತೋರಿಸುತ್ತೇನೆ. ಓದಲು ಬಾರದವರೂ ಹತ್ತಿರ ಬಂದು ನೋಡುತ್ತಾರೆ. ಈ ಕೀಲಿಮಣೆಯ ಜೋಡಣೆ ರೂಪಿಸಿದ ಕೆ.ಪಿ. ರಾಯರಿಗೆ ನಾನು ಋಣಿ.

ನಮ್ಮೂರಿನ ಹೆಸರನ್ನೇ ನೋಡಿ. 2014ರ ನವೆಂಬರ್ 1ರವರೆಗೆ ಅಧಿಕೃತವಾಗಿ ಗುಲಬರ್ಗಾ. ಅದಕ್ಕೆ ಎಫ್ ಬೇಕಿತ್ತು, ಕೊನೆಯ ಇಳಿಗೆ ಶಿಫ್ಟ್ ಬೇಕಿತ್ತು. ಕಲಬುರಗಿಗೆ ಎರಡೂ ಬೇಡ. ಏಳು ಕೀ, ಅಷ್ಟೇ. ಕ ಹೊಡೆದ ಬಲಗೈ ನಡುಬೆರಳೇ ಕೊನೆಗೆ ಗುಡಿಸು ಹಾಕಿ ಮುಗಿಸುತ್ತದೆ.

ಕೈಬರಹದ ಸುಖ ಬೇರೆ. ನಮ್ಮಪ್ಪ ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಬಲದಿಂದ ಎಡಕ್ಕೆ ಬರೆದು ರೂಢಿಯಾದ ಕೈ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಕನ್ನಡ ಬರೆಯಲು ಕಲಿತರು. ಕಿರಾಣಿ ಚೀಟಿಯ ಮೇಲೂ ಮೊದಲು ಶ್ರೀ ಬರೆಯುತ್ತಿದ್ದರು. ಅದರ ಒತ್ತನ್ನು ಎಷ್ಟು ಉದ್ದ ಎಳೆಯುತ್ತಿದ್ದರೆಂದರೆ, ಕೆಳಗಿನ ಸಾಲಿನ ತೊಗರಿ ಬೇಳೆಗೆ ತಾಗಿಬಿಡುತ್ತಿತ್ತು. ನಾನೂ ಹಾಗೆಯೇ ಬರೆಯುತ್ತೇನೆ.

ಈಗ ಫೋನಿನಲ್ಲಿ ಎರಡು ಅಕ್ಷರ ಹೊಡೆದರೆ ಪೂರ್ತಿ ಪದ ಬರುತ್ತದೆ. ಸುಮ್ನೆ ಮಾತಾಡಿದರೂ ಸಾಕು. ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ಅದು ದೊಡ್ಡ ಅನುಕೂಲ, ಬೇಡ ಅನ್ನಲಾರೆ. ಆದರೆ ಅಕ್ಷರ ಕಟ್ಟುವ ಈ ಖುಷಿ ಮಕ್ಕಳಿಗೆ ಗೊತ್ತಾಗದೇ ಹೋಗಬಾರದು, ಅಲ್ವಾ?

ಅದಕ್ಕೇ ಒಂದು ಕೋರಿಕೆ. ವಾರಕ್ಕೊಮ್ಮೆ ಅಂಗೈ ಅಗಲದ ಜಾಗ ಕೊಡಿ. ಓದುಗರು ತಮಗಿಷ್ಟದ ಒಂದು ಪದವನ್ನು ಕೈಯಾರೆ ಬರೆದು, ಫೋಟೊ ತೆಗೆದು ಕಳಿಸಲಿ. ಅಕ್ಷರ ದುಂಡಗೆ ಇರಲೇಬೇಕೆಂದಿಲ್ಲ. ಮೊದಲ ವಾರ ಶಾಲೆಯ ಮಕ್ಕಳನ್ನೇ ಕೇಳಿ. ಚಿಂಚೋಳಿ, ಆಳಂದದ ಮಕ್ಕಳಿಗಂತೂ ಊರಿನ ಹೆಸರಲ್ಲೇ ಳ ಸಿಕ್ಕಿದೆ. ಅವರು ಅದನ್ನು ಹೇಗೆ ಸುತ್ತುತ್ತಾರೆ ಅಂತ ನೋಡುವ ಆಸೆ ನನಗೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ಒಬ್ಬ ಟೈಪಿಸ್ಟ್
ಕಲಬುರಗಿ