ಬೇಡ ಅಂದವರಿಗೆಲ್ಲ ಧನ್ಯವಾದ

ಈ ಸಲ ಹುತ್ತರಿಗೆ, ಅಂದರೆ ಕೊಡಗಿನ ಸುಗ್ಗಿ ಹಬ್ಬಕ್ಕೆ, ನಮ್ಮ ಕುಟುಂಬದ ಮೂಲ ಮನೆಯಾದ ಐನ್‌ಮನೆಯ ಹಿಂದಿನ ಅಡಿಗೆಮನೆಯಲ್ಲಿ ಒಲೆ ಹೊತ್ತಿತು. ಹುತ್ತರಿ ಗೆಣಸು ಬೆಂದದ್ದು ಅಲ್ಲೇ, ತಂಬಿಟ್ಟಿಗೆ ಬಾಳೆಹಣ್ಣು ಕಿವುಚಿದ್ದೂ ಅಲ್ಲೇ. ಗೋಡೆ ಬಿದ್ದಿದ್ದ ಆ ಅಡಿಗೆಮನೆಯನ್ನು ಹಳೇ ರೂಪಕ್ಕೆ ತರುವ ಕೆಲಸಕ್ಕೆ ಕೈ ಜೋಡಿಸಿದವರಿಗೆ ಅವತ್ತೇ ನಾಲ್ಕು ಮಾತು ಹೇಳಬೇಕು ಅಂತ ಇತ್ತು. ಕದಿರು ತೆಗೆಯುವ ಗಡಿಬಿಡಿ, ‘ಪೊಲಿ ಪೊಲಿ ದೇವಾ’ ಕೂಗು, ಪಟಾಕಿ, ಮಕ್ಕಳ ಗಲಾಟೆ. ಯಾರಿಗೂ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಹೆಸರು ಹಾಕುವುದಿಲ್ಲ. ಗೋಡೆ ಕೆಲಸದ ಮೇಸ್ತ್ರಿ, ಮರಗೆಲಸದ ಆಚಾರಿ ಇಬ್ಬರೂ ‘ಹೆಸರು ಹಾಕಿದ್ರೆ ಫೋನ್ ಕಾಟ ಜಾಸ್ತಿ ಆಗ್ತದೆ, ಸುಮ್ನಿರಿ’ ಅಂದಿದ್ದಾರೆ. ನಮ್ಮ ಕಡೆಯವರಿಗೆ ಯಾರು ಅಂತ ಹೇಗೂ ಗೊತ್ತಾಗುತ್ತದೆ.

ಮನೆ ನೋಡದವರಿಗೆ ಸ್ವಲ್ಪ ಹೇಳಬೇಕು. ನಮ್ಮದು ಚೇರಂಬಾಣೆ ಕಡೆ. ದೊಡ್ಡಮನೆಯಿಂದ ಸ್ವಲ್ಪ ದೂರ ಬಿಟ್ಟು, ಹಿಂದುಗಡೆ ಈ ಅಡಿಗೆಮನೆ ಒಂಟಿಯಾಗಿ ನಿಂತಿದೆ. ದಿನದ ಅನ್ನ ಸಾರು ಒಳಗಿನ ಅಡಿಗೆಮನೆಯಲ್ಲೇ ಆಗುತ್ತಿತ್ತು. ಇಲ್ಲಿ ದೊಡ್ಡ ಬೆಂಕಿಯ ಕೆಲಸ. ಭತ್ತ ಬೇಯಿಸುವುದು, ಮದುವೆ ತಿಥಿಯ ಅಡಿಗೆ, ಆಯುಧ ಪೂಜೆಯ ಹಬ್ಬ ಕೈಲ್‌ಪೋಳ್ದ್‌ಗೆ ಹಂದಿ, ಮಳೆಗಾಲದಲ್ಲಿ ಅಡಿಗೆಗೆ ಹಾಕುವ ಕಪ್ಪು ಹುಳಿ ಕಾಚಂಪುಳಿ. ಕಾಚಂಪುಳಿ ಮಾಡಿದವರಿಗೆ ಗೊತ್ತು, ಹಣ್ಣಿನಿಂದ ಇಳಿದ ರಸ ಕುದ್ದು ಕುದ್ದು ಕಪ್ಪಗೆ ಗಟ್ಟಿಯಾಗುವ ತನಕ ಒಲೆ ಆರಿಸುವ ಹಾಗಿಲ್ಲ. ಅಷ್ಟು ಹೊತ್ತಿನ ಬೆಂಕಿ, ಹೊಗೆ, ಹುಳಿ ವಾಸನೆ ಮನೆ ಒಳಗೆ ಬೇಡ ಅಂತಲೇ ಹಿಂದಿನವರು ದೂರ ಕಟ್ಟಿದ್ದು. ಮನೆಗಳಿಗೆ ಹುಲ್ಲಿನ ಮಾಡು (ಛಾವಣಿ) ಇದ್ದ ಕಾಲದಲ್ಲಿ ಕಿಡಿಯ ಭಯವೂ ಕಮ್ಮಿಯಲ್ಲ.

2018ರ ಆಗಸ್ಟ್ ಮಳೆಗೆ ಇದರ ಹಿಂಬದಿ ಗೋಡೆ ಕುಳಿತುಬಿಟ್ಟಿತು. ಆಗ ಅದರ ಬಗ್ಗೆ ಮಾತಾಡಲೂ ನಾಚಿಕೆ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡವೇ ಜಾರಿ ಜನ ಮನೆ, ತೋಟ ಎಲ್ಲ ಕಳಕೊಂಡಿದ್ದರು. ನಮ್ಮ ನೆಂಟರೂ ಕೆಲವರು ಪರಿಹಾರ ಕೇಂದ್ರದಲ್ಲಿದ್ದರು. ಅಂಥ ಹೊತ್ತಲ್ಲಿ ಹಿತ್ತಲ ಗೋಡೆ ಬಿತ್ತು ಅಂತ ಯಾರ ಹತ್ತಿರ ಹೇಳುವುದು? ನೀಲಿ ಟಾರ್ಪಾಲ್ ಹೊದೆಸಿ ಬಿಟ್ಟೆವು. ಅದು ವರ್ಷಗಟ್ಟಲೆ ಹಾಗೇ ಉಳಿಯಿತು.

ಕೊನೆಗೆ ಕುಟುಂಬದವರೆಲ್ಲ ಸೇರಿದಾಗ ದೊಡ್ಡಣ್ಣ ಎಸ್ಟಿಮೇಟ್ ಹಿಡಿದೇ ಬಂದಿದ್ದರು. ಕೆಡವಿ, ಕಬ್ಬಿಣದ ಕಂಬ ನಿಲ್ಲಿಸಿ, ಶೀಟ್ ಹೊದೆಸಿ ಒಂದು ಶೆಡ್. ಲೆಕ್ಕದಲ್ಲಿ ಅವರದ್ದೇ ಸರಿ, ಖರ್ಚು ಅರ್ಧಕ್ಕಿಂತ ಕಮ್ಮಿ. ಪಟ್ಟೆದಾರರಾದ, ಅಂದರೆ ಕುಟುಂಬದ ಹಿರಿಯರಾದ ದೊಡ್ಡಪ್ಪ ಎಲ್ಲ ಕೇಳಿ, ‘ಕೆಡವುದು ಬೇಡ’ ಅಂತ ಎರಡೇ ಮಾತಲ್ಲಿ ಮುಗಿಸಿದರು. ಮೊದಲ ಧನ್ಯವಾದ ಅವರಿಗೆ. ಎರಡನೆಯದು ದೊಡ್ಡಣ್ಣನಿಗೇ. ಕೊನೆ ತನಕ ‘ಇದು ದುಡ್ಡು ದಂಡ’ ಅಂತ ಹೇಳುತ್ತಲೇ ಪ್ರತಿ ಪೈಸೆಯ ಲೆಕ್ಕ ಬರೆದಿಟ್ಟವರು ಅವರು. ಒಪ್ಪದೆ ಇದ್ದವರು ಇಷ್ಟು ದುಡಿದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ದುಡ್ಡು ಕೊಟ್ಟವರ ಪಟ್ಟಿ ಅವರ ಪುಸ್ತಕದಲ್ಲಿದೆ, ಇಲ್ಲಿ ಹಾಕುವುದಿಲ್ಲ.

ಮೇಸ್ತ್ರಿಯವರು ಬಂದ ದಿನ ಹೊಸ ಗೋಡೆಯ ಮಾತೇ ಎತ್ತಲಿಲ್ಲ. ನಿಂತಿದ್ದ ಗೋಡೆಗಳನ್ನು ಸುತ್ತಿಗೆ ಹಿಡಿಯಲ್ಲಿ ಕುಟ್ಟುತ್ತಾ ಸುತ್ತು ಬಂದರು. ಒಂದು ಕಡೆ ಡಬಡಬ ಸದ್ದು ಬಂದಾಗ ಉಳಿ ಹಾಕಿ ಎಬ್ಬಿಸಿದರು. ಮೇಲಿನ ಸಿಮೆಂಟ್ ಗಾರೆ ಹಪ್ಪಳದ ಹಾಗೆ ಅಗಲಕ್ಕೆ ಎದ್ದು ಬಂತು. ಒಳಗಿನ ಮಣ್ಣು ಮುಟ್ಟಿದರೆ ಒದ್ದೆ. ಹೊರಗೆ ಬಿಸಿಲು, ಅಂಗಳದಲ್ಲಿ ಕಾಫಿ ಒಣಗುತ್ತಿದೆ, ಗೋಡೆ ಒಳಗೆ ಮಾತ್ರ ಮಳೆಗಾಲ! ‘ನೋಡಿ, ಇದೇ ಕೊಂದದ್ದು’ ಅಂದರು.

ಹಿಂದೊಮ್ಮೆ ನಮ್ಮ ಹಿರಿಯರು ಗಟ್ಟಿಯಾಗಲಿ ಅಂತ ಒಳ್ಳೆ ಮನಸ್ಸಿನಿಂದಲೇ ಮಾಡಿಸಿದ್ದ ಗಾರೆ ಅದು. ಮಣ್ಣಿನ ಗೋಡೆ ನೆಲದಿಂದ, ಮಳೆಯಿಂದ ನೀರು ಎಳೆದುಕೊಳ್ಳುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ಬಿರುಕಿನಲ್ಲಿ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಗೋಡೆಯ ಬುಡ ಮೆತ್ತಗಾಗುತ್ತಾ ಹೋಗುತ್ತದೆ. ವರ್ಷಕ್ಕೆ ನೂರು ಇಂಚು ದಾಟಿ ಮಳೆ ಸುರಿಯುವ ಊರಲ್ಲಿ ಅದು ಇಷ್ಟು ವರ್ಷ ನಿಂತದ್ದೇ ದೊಡ್ಡದು. ‘ಸಿಮೆಂಟ್ ಬೇಡ, ಒಂದು ಚೀಲವೂ ಬೇಡ’ ಅಂದರು ಮೇಸ್ತ್ರಿ. ಹೆಚ್ಚು ಸಿಮೆಂಟ್ ಕೆಲಸ ಆದರೆ ಹೆಚ್ಚು ಕೂಲಿ ಸಿಗುವ ಮನುಷ್ಯ ಹೀಗೆ ಹೇಳಿದರು ಅನ್ನುವುದನ್ನು ನಾವು ಮರೆಯಬಾರದು.

ಸಿಮೆಂಟ್ ಎಬ್ಬಿಸಿದ ಮೇಲೆ ಹಳೆಯದೆಲ್ಲ ಒಂದೊಂದಾಗಿ ಕಾಣಿಸಿತು. ಬಿಳಿ ಸುಣ್ಣದ ಮೇಲೆ ನೀಲಿ ಹಾಕಿದ ಸುಣ್ಣ, ಅದರ ಮೇಲೆ ಮತ್ತೆ ಬಿಳಿ. ಒಲೆ ಕಡೆಯ ಗೋಡೆಯಲ್ಲಿ ಯಾರೋ ಕಲ್ಲು ತುಂಬಿ ಮುಚ್ಚಿದ್ದ ಸಣ್ಣ ಕಿಟಕಿ, ಮರದ ಸರಳು ಹಾಗೇ ಇದೆ. ದೀಪ ಇಡುವ ಗೂಡು, ಅದರ ಮೇಲುಗಡೆ ಮಸಿಯ ಗೆರೆ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಸಿಕ್ಕಿದ್ದು ಮಾತ್ರ ಗೋಡೆಯಲ್ಲಲ್ಲ, ನೆಲದಲ್ಲಿ. ನೀರು ಹೋಗಲು ಚರಂಡಿ ಅಗೆಯುವಾಗ ಗೋಡೆಯಿಂದ ಸುಮಾರು ದೂರದಲ್ಲಿ ಸಾಲಾಗಿ ಜೋಡಿಸಿದ ಚಪ್ಪಟೆ ಕಲ್ಲುಗಳು ಸಿಕ್ಕಿದವು. ಮಾಡಿನ ನೀರು ಬಿದ್ದು ಬಿದ್ದು ಕಲ್ಲುಗಳ ನಡುವೆ ಗುಳಿ. ಅಂದರೆ ಹಿಂದೆ ಮಾಡಿನ ಅಂಚು ಅಲ್ಲಿಯ ತನಕ ಚಾಚಿತ್ತು! ಹಂಚು ತೆಗೆದು ಶೀಟ್ ಹಾಕಿಸಿದಾಗ ಅದನ್ನು ಮೋಟು ಮಾಡಿದ್ದರು. ಆಮೇಲೆ ಬಿದ್ದ ನೀರೆಲ್ಲ ಚಿಮ್ಮಿದ್ದು ಗೋಡೆ ಬುಡಕ್ಕೇ. ಕಲ್ಲಿನ ಸಾಲು ನೋಡಿದ ಮೇಲೆ ಮಾಡು ಎಷ್ಟು ಉದ್ದ ಇರಬೇಕು ಅನ್ನುವ ಚರ್ಚೆ ಅಲ್ಲಿಗೇ ನಿಂತಿತು. ಅಗೆಯುತ್ತಿದ್ದ ಹುಡುಗರು ಆ ಕಲ್ಲುಗಳನ್ನು ಕಿತ್ತು ಬಿಸಾಡದೆ ‘ಇದು ಏನೋ ಇದೆ, ನೋಡಿ’ ಅಂತ ಕೂಗಿ ಕರೆದರು. ಅವರು ಅಸ್ಸಾಂನಿಂದ ಕಾಫಿ ಕೊಯ್ಲಿಗೆ ಬಂದವರು. ಈ ಬರಹ ಅವರು ಓದಲಾರರು. ಆದರೂ ಬರೆದಿಡುತ್ತೇನೆ.

ಒಲೆ ಎಲ್ಲಿತ್ತು ಅಂತ ಹೇಳಿದ್ದು ದೊಡ್ಡಮ್ಮ. ಕುರ್ಚಿ ಹಾಕಿಸಿ ಕೂತು ಕೋಲಿನಲ್ಲಿ ತೋರಿಸಿದರು. ‘ನಾನು ಮದುವೆಯಾಗಿ ಬಂದಾಗ ಇಲ್ಲಿ ಕೂರ್ತಿದ್ದದ್ದು. ಆ ಸಣ್ಣ ಕಿಟಕಿಯಿಂದ ಗಾಳಿ ಬರ್ತಿತ್ತು, ಮುಖಕ್ಕೆ ಹೊಗೆ ಹೊಡೀತಿರ್ಲಿಲ್ಲ.’ ಕಿಟಕಿ ಸಿಕ್ಕಿದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ! ಸಿಮೆಂಟ್ ನೆಲ ಒಡೆದಾಗ ಅವರು ತೋರಿಸಿದ ಕಡೆಯಲ್ಲೇ ಸುಟ್ಟು ಕೆಂಪಾಗಿ ಗಟ್ಟಿಯಾದ ಮಣ್ಣು ಸಿಕ್ಕಿತು.

ಹೊಸ ಒಲೆ ಹಾಕಿದ್ದೂ ಅವರು ಹೇಳಿದ ಹಾಗೆ. ಹುತ್ತದ ಮಣ್ಣು, ಸಣ್ಣಗೆ ಕತ್ತರಿಸಿದ ಹುಲ್ಲು, ಸಗಣಿ. ಚೆನ್ನಾಗಿ ತುಳಿದು, ಹುಳಿಯಲು ಬಿಟ್ಟು, ಮತ್ತೆ ತುಳಿದು ಕಟ್ಟಿದರು. ಕಟ್ಟಿದ ಕೂಡಲೇ ಬೆಂಕಿ ಹಾಕಲು ಬಿಡಲಿಲ್ಲ. ನೆರಳಲ್ಲೇ ಆರಬೇಕು, ಆಮೇಲೆ ಕಡ್ಡಿ ಪುಳ್ಳೆಯ ಸಣ್ಣ ಬೆಂಕಿ, ಇಲ್ಲದಿದ್ದರೆ ಸೀಳು ಬಿಡುತ್ತದೆ. ನೆಲ ಕೊಡತಿಯಲ್ಲಿ ಬಡಿದು ಸಗಣಿ ಸಾರಿಸಿದ್ದು. ಅದು ಕಪ್ಪಗೆ ಹೊಳೆಯಲು ಹಳೇ ಬ್ಯಾಟರಿ ಸೆಲ್ ಒಡೆದು ಮಸಿ ಸೇರಿಸಿ ಅಂದರು ದೊಡ್ಡಮ್ಮ. ಇದೊಂದಕ್ಕೆ ಮಾತ್ರ ನಾವು ಬೇಡ ಅಂದೆವು. ಸುಟ್ಟ ತೆಂಗಿನ ಚಿಪ್ಪಿನ ಮಸಿ ಹಾಕಿದೆವು. ಅಷ್ಟು ಹೊಳಪು ಬಂದಿಲ್ಲ ಅಂತ ಅವರು ಈಗಲೂ ಹೇಳುತ್ತಾರೆ, ನಿಜವೂ ಹೌದು.

ಆಚಾರಿಯವರದ್ದು ಬೇರೆ ಕಥೆ. ಅಣ್ಣನ ಮಗನಿಗೆ ಹುಲ್ಲಿನ ಮಾಡೇ ಬೇಕಿತ್ತು. ಹಳೇದು ಅಂದಮೇಲೆ ಪೂರಾ ಹಳೇದು ಮಾಡಬೇಕು, ಫೋಟೋದಲ್ಲಿ ಚಂದ ಬರುತ್ತದೆ ಅಂತ. ಆಚಾರಿ ಏಣಿ ಹತ್ತಿ ಮಾಡು ಹೊರುವ ಇಳಿಜಾರು ಮರಗಳನ್ನು, ಪಕ್ಕಾಸುಗಳನ್ನು ತೋರಿಸಿದರು. ಹಂಚು ಕೂರುವ ಮರದ ಪಟ್ಟಿ, ರೀಪು ಹೊಡೆದ ಮೊಳೆ ತೂತುಗಳು ಒಂದೇ ಅಳತೆಯಲ್ಲಿವೆ, ಹಂಚಿನ ಉದ್ದಕ್ಕೆ ಸರಿಯಾಗಿ. ‘ಈ ಮರ ಹುಲ್ಲು ನೋಡೇ ಇಲ್ಲ. ಇಲ್ಲದ್ದನ್ನ ಯಾಕೆ ತರ್ತೀರಿ?’ ಹುಡುಗ ಸುಮ್ಮನಾದ. ಹಿಂದೆ ಈ ಜಾಗದಲ್ಲಿ ಹುಲ್ಲಿನ ಚಪ್ಪರ ಇದ್ದಿರಬಹುದು, ಆದರೆ ಈಗ ನಿಂತಿರುವ ಕಟ್ಟಡ ಹುಟ್ಟಿದ್ದೇ ಹಂಚು ಹೊದ್ದುಕೊಂಡು.

ಹಂಚುಗಳು ಕೊಟ್ಟಿಗೆ ಹಿಂದೆ ಪಾಚಿ ಹಿಡಿದು ಬಿದ್ದಿದ್ದವು. ಶೀಟ್ ಹಾಕಿಸಿದಾಗ ತೆಗೆದು ಪೇರಿಸಿಟ್ಟವು. ತೊಳೆದು ಮಗುಚಿ ನೋಡಿದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬೇಸೆಲ್ ಮಿಷನ್ ಹೆಸರು, 1865 ಅಂತ ಇಸವಿ. ನಮ್ಮ ಅಡಿಗೆಮನೆ 1865ರದ್ದು ಅಂತ ಮಕ್ಕಳು ಕುಣಿದಾಡಿದರು. ಅದು ಕಾರ್ಖಾನೆ ಶುರುವಾದ ವರ್ಷ ಅಂತ ಹಳೇ ಸಾಮಾನಿನ ಅಂಗಡಿಯವರು ಬಿಡಿಸಿ ಹೇಳಿದರು. ಆ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ದಡದಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಮೊದಲ ಮಹಾಯುದ್ಧದ ಸಮಯದಲ್ಲಿ ಮಿಷನ್‌ನ ಕಾರ್ಖಾನೆಗಳನ್ನು ಸರ್ಕಾರ ವಶಪಡಿಸಿಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಬಂದವು. ಹಾಗಾಗಿ ನಮ್ಮ ಹಂಚು ಆ ಯುದ್ಧಕ್ಕಿಂತ ಹಿಂದಿನದ್ದಿರಬೇಕು ಅನ್ನುವಷ್ಟು ಹೇಳಬಹುದು. ಸಂಪಾಜೆ ಘಾಟಿಯಲ್ಲಿ ಎತ್ತಿನ ಗಾಡಿ ಹತ್ತಿ ಬಂದಿರಬೇಕು ಪಾಪ. ಅದೇ ಅಂಗಡಿಯವರು ಹೊಸ ಹಂಚು ಮಾರುವ ಅವಕಾಶ ಬಿಟ್ಟು, ‘ಇರೋದನ್ನೇ ಹಾಕಿ, ಒಡೆದ ಲೆಕ್ಕಕ್ಕೆ ಮಾತ್ರ ಕೊಡ್ತೇನೆ’ ಅಂದರು. ಅವರಿಗೂ ವ್ಯಾಪಾರ ಇದೆ, ಅಲ್ವಾ? ಇಂಥವರು ಇನ್ನೂ ಇದ್ದಾರೆ.

ಹುಳು ತಿಂದ ಪಕ್ಕಾಸುಗಳಲ್ಲೂ ಆಚಾರಿ ಪೂರ್ತಿ ಬದಲಾಯಿಸಿದ್ದು ಕೆಲವನ್ನು ಮಾತ್ರ. ಉಳಿದವಕ್ಕೆ ಕೊಳೆತ ತುದಿ ಕತ್ತರಿಸಿ ಬೇರೆ ಕಡೆ ಕೆಡವಿದ ಮನೆಯ ಹಲಸಿನ ಮರ ಜೋಡಿಸಿದರು. ಹತ್ತಿರ ಹೋದರೆ ಜೋಡಣೆ ಕಾಣುತ್ತದೆ, ಮುಚ್ಚಿಲ್ಲ. ಪಾಲಿಶ್ ಹಾಕಿಸೋಣವಾ ಅಂತ ಕೇಳಿದವರಿಗೆ ಅವರು ಉತ್ತರವನ್ನೇ ಕೊಡಲಿಲ್ಲ.

ಹುಳು ಹಿಡಿದ ಕಾರಣವನ್ನೂ ಅವರೇ ಹೇಳಿದರು. ಗ್ಯಾಸ್ ಬಂದ ಮೇಲೆ ಈ ಒಲೆ ಆರಿತು. ಒಲೆ ಆರಿದ ಮೇಲೆ ಹೊಗೆ ಇಲ್ಲ. ಹೊಗೆ ಇದ್ದಷ್ಟು ಕಾಲ ಮರ ಒಣಗಿರುತ್ತದೆ, ಮಸಿ ಹಿಡಿದ ಮರಕ್ಕೆ ಹುಳು ಸುಲಭಕ್ಕೆ ಬರುವುದಿಲ್ಲ. ಅಟ್ಟದ ಬಿದಿರಿನ ತಡಿಕೆಯ ಮೇಲೆ ಬೀಜದ ಭತ್ತ, ಬುಟ್ಟಿ, ಒಣಗಿಸಿದ ಮಾಂಸ ಇಡುತ್ತಿದ್ದದ್ದೂ ಇದಕ್ಕೇ. ಅದಕ್ಕೇ ಈಗ ವಾರಕ್ಕೊಂದು ದಿನ ಏನಾದರೂ ಬೇಯಲಿ, ಬೇಯದಿರಲಿ, ಒಲೆಗೆ ಬೆಂಕಿ ಹಾಕುವುದು ಅಂತ ಮಾಡಿಕೊಂಡಿದ್ದೇವೆ. ಪಕ್ಕದ ಮನೆಯ ಅತ್ತೆ ಮಳೆಗಾಲ ಇಡೀ ಆ ಕೆಲಸ ನೋಡಿಕೊಂಡರು. ನಾವು ಮಡಿಕೇರಿಯಲ್ಲಿ ಕೂತು ಫೋನ್ ಮಾಡಿದ್ದಷ್ಟೇ.

ಸುಣ್ಣದ ಕೆಲಸಕ್ಕೆ ತಾಳ್ಮೆ ಬೇಕು. ಕರಾವಳಿಯಿಂದ ತಂದ ಸುಟ್ಟ ಚಿಪ್ಪು ನೀರಿಗೆ ಬಿದ್ದ ಕೂಡಲೇ ಕೊತಕೊತ ಕುದಿಯುತ್ತದೆ. ಮಕ್ಕಳನ್ನು ಹತ್ತಿರ ಬಿಡುವ ಹಾಗಿಲ್ಲ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಅದು ನೀರಲ್ಲೇ ನೆನೆದು ಬೆಣ್ಣೆ ಆಗಲು ಬಿಟ್ಟರು. ಬಿದ್ದ ಗೋಡೆಯನ್ನು ಅದರದ್ದೇ ಮಣ್ಣು ಕಲಸಿ ಎಬ್ಬಿಸಿದರು. ಅದು ಒಣಗಿದ ಮೇಲೆ ಮಣ್ಣಿನ ಗಾರೆ, ಅದರ ಮೇಲೆ ಮರಳು ಸೇರಿಸಿದ ಸುಣ್ಣದ ಗಾರೆ, ತೆಳ್ಳಗೆ, ಒಂದರ ಮೇಲೊಂದು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುವಾಗ ಅಣ್ಣನ ಮಗ ‘ಇರುವೆ ಬರಲ್ವಾ?’ ಅಂತ ಕೇಳಿದ. ‘ಸುಣ್ಣ ಇದ್ದಲ್ಲಿ ಇರುವೆಗೆ ಏನು ಕೆಲಸ?’ ಅಂದರು ಮೇಸ್ತ್ರಿ.

ನಡುವೆ ಒಂದು ಹೂಮಳೆಯ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ ಕಥೆ ಇದೆ. ಕಾಫಿ ಕೊಯ್ಲು ಮುಗಿಯುವ ತನಕ ಆಳು ಸಿಗುವುದಿಲ್ಲ, ಹಾಗಾಗಿ ಮಾಡು ಬಿಚ್ಚಿದ್ದು ಬೇಸಿಗೆಯಲ್ಲಿ. ಇಡೀ ಕೊಡಗು ಹೂಮಳೆ ಬರಲಿ ಅಂತ ಮುಗಿಲು ನೋಡುತ್ತಿದ್ದಾಗ ನಾವು ಮಾತ್ರ ಇನ್ನು ನಾಲ್ಕು ದಿನ ತಡೆಯಲಿ ಅಂತ ಬೇಡುತ್ತಿದ್ದೆವು! ಮಳೆ ನಮ್ಮ ಮಾತು ಕೇಳಲಿಲ್ಲ. ಸಂಜೆ ಗುಡುಗು ಕೇಳಿದ ಕೂಡಲೇ ಅಕ್ಕಪಕ್ಕದವರು ಕಾಫಿ ಮುಚ್ಚುವ ಟಾರ್ಪಾಲ್‌ಗಳನ್ನೇ ಎತ್ತಿಕೊಂಡು ಓಡಿ ಬಂದರು. ಅವರ ಕಣದಲ್ಲಿ ಇನ್ನೂ ಕಾಫಿ ಹರಡಿತ್ತು. ಹಸಿ ಗೋಡೆ ಉಳಿಯಿತು. ಅವರ ಕಾಫಿ ಸ್ವಲ್ಪ ನೆನೆಯಿತು ಅಂತ ಆಮೇಲೆ ಬೇರೆಯವರಿಂದ ಗೊತ್ತಾಯಿತು, ಅವರು ಬಾಯಿ ಬಿಟ್ಟು ಹೇಳಲಿಲ್ಲ. ಈ ಋಣ ಹೇಗೆ ತೀರಿಸುವುದೋ ಗೊತ್ತಿಲ್ಲ.

ಒಂದು ಬಲ್ಬ್, ಹೊರಗೊಂದು ನಲ್ಲಿ ಇಟ್ಟುಕೊಂಡಿದ್ದೇವೆ. ಹಳೇ ರೂಪ ಅಂತ ಹೇಳಿ ಬಲ್ಬ್ ಯಾಕೆ ಅಂತ ಹಬ್ಬದ ದಿನ ಇಬ್ಬರು ಕೇಳಿದರು. ಕತ್ತಲಲ್ಲಿ ಕುದಿಯುವ ಪಾತ್ರೆ ಇಳಿಸುವವರು ಅವರಲ್ಲ.

ಇನ್ನು ಹಿಂಬದಿಯ ಮಾಡಿನ ಅಂಚಿನಲ್ಲಿ ಒಂದಿಷ್ಟು ಜಾಗಕ್ಕೆ ಸದ್ಯಕ್ಕೆ ಹೊಸ ಹಂಚೇ ಹಾಕಿದ್ದೇವೆ, ಬಣ್ಣ ಬೇರೆ ಕಾಣುತ್ತದೆ. ನಿಮ್ಮ ಕೊಟ್ಟಿಗೆ ಹಿಂದೆ, ಬೇಲಿ ಬದಿಯಲ್ಲಿ ಹಳೇ ಮಂಗಳೂರು ಹಂಚು ಬಿದ್ದಿದ್ದರೆ ರಸ್ತೆ ಗುಂಡಿಗೆ ತುಂಬುವ ಮೊದಲು ನಮಗೊಂದು ಮಾತು ಹೇಳಿ. ಗಾಡಿ ನಾವೇ ತರುತ್ತೇವೆ. ಬರುವಾಗ ಒಂದು ಬಾಟ್ಲಿ ಕಾಚಂಪುಳಿಯೂ ತರುತ್ತೇವೆ.