ಕರಿಬಂಡೆ ಬೂದಿಯಾಗಬಾರದು, ಮಾರಾಯ

ಪ್ರೀತಿಯ ಗೆಳೆಯ,

ನೀನು ಕಳಿಸಿದ ಕಾಪು ಕಡಲತೀರದ ಹನ್ನೆರಡು ಫೋಟೋಗಳನ್ನು ಮೊನ್ನೆ ರಾತ್ರಿ ಕೂತು ನೋಡಿದೆ. ಜೊತೆಗೆ ನೀನು ಬರೆದ ಸಾಲು ಓದಿ ಬೇಜಾರಾಯಿತು: "ಬಣ್ಣ ತೆಗೆದರೆ ನಮ್ಮ ಕಡಲಲ್ಲಿ ಏನೂ ಉಳಿಯುವುದಿಲ್ಲ, ಕಪ್ಪು-ಬಿಳುಪು ಇನ್ನು ಸಾಕು." ಬಿಡಬೇಡ ಮಾರಾಯ. ನಿನ್ನ ಫ್ರೇಮ್‌ನಲ್ಲಿ ತಪ್ಪಿಲ್ಲ. ಬಂಡೆ ಕಪ್ಪಾಗಿಲ್ಲ, ಅಷ್ಟೆ. ಒಲೆಯ ಬೂದಿ ಬಳಿದ ಹಾಗಿದೆ.

ಇದು ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಮಾಡಿದ ಕೆಲಸ. ಎದುರಿಗೆ ಏನೇ ಇರಲಿ, ಅದು ನಡುಮಟ್ಟದ ಬೂದುಬಣ್ಣದ್ದೆಂದೇ ಕ್ಯಾಮೆರಾ ಲೆಕ್ಕ ಹಾಕುತ್ತದೆ. ಫ್ರೇಮ್ ತುಂಬ ಒದ್ದೆ ಕರಿಬಂಡೆ ಇದ್ದರೆ ಬೆಳಕು ಸಾಲದೆಂದು ಎಕ್ಸ್‌ಪೋಶರ್, ಅಂದರೆ ಒಳಗೆ ಬಿಡುವ ಬೆಳಕನ್ನು, ಏರಿಸಿಬಿಡುತ್ತದೆ. ಬಂಡೆ ಬಿಳಚಿಕೊಳ್ಳುತ್ತದೆ, ನೊರೆ ಸುಣ್ಣ ಬಳಿದಂತೆ ಸಪಾಟಾಗುತ್ತದೆ. 1940ರ ಸುಮಾರಿಗೆ ಅಮೆರಿಕದ ಫೋಟೋಗ್ರಾಫರುಗಳಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ರೂಪಿಸಿದ ಝೋನ್ ಸಿಸ್ಟಮ್ ಇಂಥ ಕಡೆಯೇ ಕೈಹಿಡಿಯುವುದು. ಅದರಲ್ಲಿ ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳಿಗೆ ಒಂದೊಂದು ಅಂಕಿ: ಅಚ್ಚ ಕಪ್ಪು 0, ಅಚ್ಚ ಬಿಳಿ 10. ಮೀಟರ್ ತೋರಿಸುವುದು ಯಾವಾಗಲೂ 5. ಬಂಡೆ ಕಪ್ಪಾಗಿಯೂ ಇರಬೇಕು, ಅದರ ಸೀಳು, ಅಂಟಿಕೊಂಡ ಚಿಪ್ಪು ಎಲ್ಲ ಕಾಣಲೂ ಬೇಕು ಅಂದರೆ ಅದನ್ನು 3ಕ್ಕೆ ತರಬೇಕು. ಒಂದು ಚುಕ್ಕೆಯಷ್ಟು ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಬಂಡೆಯ ಮೇಲೆ ಹಿಡಿದು ಎರಡು ಸ್ಟಾಪ್ ಇಳಿಸು; ಒಂದೊಂದು ಸ್ಟಾಪ್ ಇಳಿಸಿದಾಗಲೂ ಬೆಳಕು ಅರ್ಧವಾಗುತ್ತದೆ. ಆಮೇಲೆ ಫೋಟೋದ ಕಪ್ಪು-ಬಿಳಿ ಎಷ್ಟೆಷ್ಟೆಂದು ತೋರಿಸುವ ನಕ್ಷೆಯ, ಅಂದರೆ ಹಿಸ್ಟೋಗ್ರಾಮ್‌ನ, ಬಿಳಿಯ ಕಡೆಯ ಬಲತುದಿ ನೋಡು, ನೊರೆ ಅಲ್ಲಿಗೆ ಹೋಗಿ ಬಡಿಯಬಾರದು.

ಎರಡನೆಯದು ಆ ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್, ಲೆನ್ಸ್‌ಗೆ ಬರುವ ಬೆಳಕನ್ನು ತಗ್ಗಿಸುವ ಕಪ್ಪು ಗಾಜು. ಸೆಕೆಂಡಿನ ಹದಿನೈದನೇ ಒಂದು ಭಾಗದಲ್ಲಿ ಮುಗಿಯುವ ಫೋಟೋಕ್ಕೆ ಅದು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಹತ್ತಾರು ಅಲೆ ಬಂದು ಹೋಗಿ ಕಡಲು ಮಂಜಾಗಿರುತ್ತದೆ. ಅದು ಚೆಂದವೇ, ಆದರೆ ಎಲ್ಲ ಊರಿನ ಕಡಲೂ ಒಂದೇ ಥರ ಕಾಣುತ್ತದೆ. ನನಗೆ ಮೂರು ಸ್ಟಾಪಿನದೇ ಸಾಕು. ಅರ್ಧ ಸೆಕೆಂಡ್ ಸಿಗುತ್ತದೆ. ಅಲೆ ಬಡಿಯುವಾಗ ಒತ್ತಬೇಡ. ಬಡಿದು ಹಿಂದಿರುಗುವಾಗ ಒತ್ತು.

ಎರಡು ವರ್ಷದಿಂದ ನಾನು ಒಂದೇ ಬಂಡೆಯ ಹಿಂದೆ ಬಿದ್ದಿದ್ದೇನೆ. ಮಲಗಿದ ಎಮ್ಮೆಯ ಬೆನ್ನಿನ ಹಾಗಿದೆ, ನಡುವೆ ಗೇಣಗಲದ ಒಂದು ಬಿರುಕು. ನೀರು ಒಳಗೆ ನುಗ್ಗುವಾಗ ಬರೀ ಗದ್ದಲ. ಹಿಂದಿರುಗುವಾಗ ಮಾತ್ರ ಬಿರುಕಿನ ಬಾಯಿಂದ ಮೂರು ಎಳೆಯಾಗಿ ಇಳಿದು, ಕೆಳಗಿನ ಗುಂಡಿಯಲ್ಲಿ ಒಂದು ಸುತ್ತು ತಿರುಗಿ, ಮರಳು ಸೇರುತ್ತದೆ. ಆ ಮೂರು ಬಿಳಿ ಎಳೆ ಬಣ್ಣದ ಫೋಟೋದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಪಾಚಿಯ ಹಸಿರು ಕಣ್ಣನ್ನು ತನ್ನತ್ತ ಎಳೆದುಕೊಳ್ಳುತ್ತಿತ್ತು. ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ 1929ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮೆಲ್‌ಗೆ ಬಂದವನು, ಪಕ್ಕದ ಪಾಯಿಂಟ್ ಲೋಬೋಸ್‌ನ ಬಂಡೆಗಳಿಗೆ ಮತ್ತೆ ಮತ್ತೆ ಮರಳಿದ. ಪಾರ್ಕಿನ್ಸನ್ ಕಾಯಿಲೆ ಕೈ ಹಿಡಿದುಹಾಕುವ ಮೊದಲು, 1948ರಲ್ಲಿ ಅವನು ತೆಗೆದ ಕೊನೆಯ ಫೋಟೋವೂ ಅಲ್ಲಿಯದೇ. ಹಾಗಿರುವಾಗ ಒಂದು ಸಂಜೆ ಹನ್ನೆರಡು ತೆಗೆದು ನೀನು ಕಡಲಿನ ಮೇಲೆ ಮುನಿಸಿಕೊಂಡರೆ ಹೇಗೆ?

ಹೌದು, ನೀನು ಹೋದದ್ದೂ ಸಂಜೆಯೇ. 1901ರ ಆ ದೀಪಸ್ತಂಭದ ಹಿಂದೆ ಸೂರ್ಯ ಮುಳುಗುವುದು ಬಣ್ಣದವರಿಗೆ ಹಬ್ಬ. ನಮಗೆ ಬೆಳಗು ಬೇಕು. ನಮ್ಮ ಪಡುವಣ ಕಡಲಲ್ಲಿ ಬೆಳಗಿನ ಬೆಳಕು ತೆಂಗಿನ ತೋಟದ ಕಡೆಯಿಂದ ಓರೆಯಾಗಿ ಬಂದು ಬಂಡೆಯ ಒಂದೊಂದು ಸುಕ್ಕನ್ನೂ ಎಬ್ಬಿಸುತ್ತದೆ. ಅದಕ್ಕಿಂತಲೂ ನನಗಿಷ್ಟ ಮಳೆಗಾಲದ ಮುಂಚಿನ ಮೋಡದ ದಿನ, ಆಕಾಶವೂ ನೀರೂ ಸೀಸದ ಬಣ್ಣಕ್ಕೆ ತಿರುಗಿದಾಗ.

ಬಿರುಬಿಸಿಲು ಬೇಕಾಗುವುದು ಸೇಂಟ್ ಮೇರಿಸ್ ದ್ವೀಪದಲ್ಲಿ. ಮಲ್ಪೆಯ ದೋಣಿ ಹೇಗೂ ಬೆಳಗಿನ ಜಾವಕ್ಕೆ ಹೊರಡುವುದಿಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದಲ್ಲಿ ಹರಿದ ಲಾವಾ ಅಲ್ಲಿ ತಣಿದು ಕುಗ್ಗಿ, ಐದು-ಆರು ಮೂಲೆಯ ಕಂಬಗಳಾಗಿ ಸೀಳಿ ನಿಂತಿದೆ. ಬಿಸಿಲಿಗೆ ಒಂದು ಮುಖ ಬೆಳ್ಳಗೆ, ಪಕ್ಕದ್ದು ಕಪ್ಪಗೆ. ಕೆಂಪು ಫಿಲ್ಟರ್ ಹಾಕಿದರೆ ನೀಲಿ ಆಕಾಶವೂ ಗಾಢವಾಗುತ್ತದೆ.

ಕಡಲಿಗೆ ಬೆನ್ನು ಹಾಕಿ ಮಾತ್ರ ನಿಲ್ಲಬೇಡ. ಹೋದ ವರ್ಷ ನಾನು ಬಗ್ಗಿ ಲೆನ್ಸ್ ಒರೆಸುತ್ತಿದ್ದಾಗ ಬಂದ ಅಲೆ ನನ್ನನ್ನು ಕೆಡವಿ ಮೊಣಕಾಲು ತರಚಿಹಾಕಿತು, ಟ್ರೈಪಾಡನ್ನು ಎಳೆದೊಯ್ದಿತು. ಬಂಡೆಗೆ ಅಂಟಿದ ಪಚ್ಚಿಲೆ ಚಿಪ್ಪು ತೆಗೆಯಲು ಬಂದಿದ್ದ ಹುಡುಗರು ರಟ್ಟೆ ಹಿಡಿದು ಮೇಲೆತ್ತಿದರು. ಅಲ್ಲಿಂದೀಚೆಗೆ ಮೊದಲ ಹತ್ತು ನಿಮಿಷ ಕ್ಯಾಮೆರಾ ಹೊರಗೆ ತೆಗೆಯುವುದಿಲ್ಲ. ಸುಮ್ಮನೆ ನಿಂತು ಅಲೆ ಎಲ್ಲಿಯವರೆಗೆ ಏರುತ್ತದೆಂದು ನೋಡುತ್ತೇನೆ.

ಬರುವ ಅಮಾವಾಸ್ಯೆಗೆ ರಜೆ ಹಾಕಿ ಬಾ. ಆಗ ಇಳಿತ ಜೋರು, ಬೇರೆ ದಿನ ಕಾಣದ ಬಂಡೆಗಳೂ ಮೇಲೆದ್ದಿರುತ್ತವೆ. ಜಾರದ ಬೂಟು ತಾ. ನನ್ನ ಬಂಡೆಯ ಒಂದು ಪ್ರಿಂಟ್ ಇವತ್ತು ಅಂಚೆಗೆ ಹಾಕಿದ್ದೇನೆ. ಕಿಟಕಿ ಹತ್ತಿರ ಹಿಡಿದು ನೋಡು. ಬಲಗಡೆ ಕೆಳಮೂಲೆಯ ಕಪ್ಪಿನೊಳಗೆ ಒಂದು ಏಡಿ ಕೂತಿದೆ. ತೆಗೆಯುವಾಗ ನನಗೂ ಕಂಡಿರಲಿಲ್ಲ.

ನಿನ್ನ ದಾರಿ ನೋಡುತ್ತಿರುವ,
ಗೆಳೆಯ