ಕಂತಿಗೊಂದು ಮಿಲಿಮೀಟರ್

ಪುಟ್ಟಿ,

ಇವತ್ತು ಸಂಜೆ ಕೊನೆಯ ಕಂತು ಕಟ್ಟಿ ಬಂದೆ. ನಾಳೆ ನಿನ್ನ ಹಲ್ಲಿನ ಕ್ಲಿಪ್ ತೆಗೆಯುತ್ತಾರೆ. ಆಮೇಲೆ ನೀನು ಕನ್ನಡಿ ಬಿಟ್ಟು ಏಳುವವಳಲ್ಲ, ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಂದು, "ಅಪ್ಪಾ, ನಂಗೆ ಕ್ಲಿಪ್ ಬೇಡ. ಹಲ್ಲು ಹೀಗೇ ಇರ್ಲಿ" ಅಂದೆ. ಹಿಂದಿನ ರಾತ್ರಿ ನಾನೂ ಅಮ್ಮನೂ ಲೆಕ್ಕ ಹಾಕುತ್ತಾ ಕೂತಿದ್ದು ನಿನ್ನ ಕಿವಿಗೆ ಬಿದ್ದಿದೆ ಅಂತ ಆಗಲೇ ಗೊತ್ತಾಯಿತು. "ಅದೆಲ್ಲ ದೊಡ್ಡವರ ವಿಷಯ, ಸುಮ್ನಿರು" ಅಂದುಬಿಟ್ಟೆ. ಹಾಗನ್ನಬಾರದಿತ್ತು. ಆಮೇಲೆ ಎಷ್ಟೋ ತಿಂಗಳು, ಶೂ ಚಿಕ್ಕದಾಗಿ ಕಾಲು ಕಚ್ಚುತ್ತಿದ್ದರೂ ನೀನು ಹೊಸದು ಬೇಕು ಅಂತ ಬಾಯಿಬಿಡಲಿಲ್ಲ.

ಆವತ್ತು ಹೇಳದ ಲೆಕ್ಕ ಈಗ ಹೇಳುತ್ತೇನೆ.

ಮೊದಲು ನೋಡಿದ ಡಾಕ್ಟರ್ ಹೇಳಿದ ಮೊತ್ತ ಕೇಳಿ ಪರವಾಗಿಲ್ಲ ಅನ್ನಿಸಿತ್ತು. ಅದು ಬರೀ ಕ್ಲಿಪ್ಪಿಗೆ ಅಂತ ಎರಡನೇ ಸಲ ಹೋದಾಗ ತಿಳಿಯಿತು. ಎಕ್ಸ್-ರೇ ಬೇರೆ, ಹಲ್ಲಿನ ಅಚ್ಚು ಬೇರೆ, ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಬ್ರಾಕೆಟ್ ಕಿತ್ತು ಬಂದರೆ ಬೇರೆ, ಕೊನೆಗೆ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ರಿಟೈನರ್ ಬೇರೆ. ಅದೂ ಎರಡು ಸಲ ಮಾಡಬೇಕಂತೆ: ಹಾಲುಹಲ್ಲು ಇರುವಾಗಲೇ ಒಂದು ಸಲ, ಎಲ್ಲಾ ಬಿದ್ದ ಮೇಲೆ ಇನ್ನೊಂದು ಸಲ. ಅಮ್ಮ ಬ್ಯಾಗಿನಿಂದ ಪುಸ್ತಕ ತೆಗೆದು "ಎಲ್ಲಾ ಇದರಲ್ಲಿ ಬರೆದುಕೊಡಿ" ಅಂದಳು. ನನಗೆ ನಾಚಿಕೆಯಾಯಿತು. ಈಗ ಅನ್ನಿಸುತ್ತದೆ, ಆವತ್ತು ಆ ರೂಮಿನಲ್ಲಿ ಬುದ್ಧಿ ಇದ್ದಿದ್ದು ಅವಳೊಬ್ಬಳಿಗೇ.

ಹಲ್ಲಿನ ಸಾಲು ಸರಿಮಾಡುವ ಇನ್ನೊಬ್ಬ ಡಾಕ್ಟರ್ (ಆರ್ಥೊಡಾಂಟಿಸ್ಟ್) ಹತ್ತಿರ ಹೋದೆವು. ಮೇಲಿನ ಹಲ್ಲು ಕೆಳಗಿನದರ ಒಳಗೆ ಅಡ್ಡ ಕಚ್ಚುವ ಮಕ್ಕಳಿಗೆ ಬೇಗ ಶುರು ಮಾಡಬೇಕಾಗಬಹುದು, ಇವಳದು ಹಾಗಿಲ್ಲ, ಕಾಯಬಹುದು ಅಂದರು. ಒಂದು ವರ್ಷ ಕಾದೆವು. ಎರಡು ಸಲದ ಖರ್ಚು ಒಂದೇ ಸಲಕ್ಕೆ ಇಳಿಯಿತು. ಅವರು ಒಂದೇ ಹಾಳೆಯಲ್ಲಿ ಎಲ್ಲಾ ಸೇರಿಸಿ ಬರೆದು, ಬಡ್ಡಿಯಿಲ್ಲದೆ ಕಂತು ಮಾಡಿಕೊಟ್ಟರು.

ವಿಮೆಯವರು ಮಾತ್ರ ಇದು ಅಂದಕ್ಕೆ ಮಾಡಿಸುವುದು ಅಂತ ಅರ್ಜಿ ವಾಪಸ್ ಕಳಿಸಿದರು. ನಿನ್ನ ಕೆಳಗಿನ ಹಲ್ಲು ಅಂಗುಳಕ್ಕೆ ತಾಗಿ ಹುಣ್ಣಾಗುತ್ತಿತ್ತು. ಯಾವ ಅಂದವೋ ಏನೋ!

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ನಿನಗೆ ಹಲ್ಲಿನ ಬಣ್ಣದ ಸೆರಾಮಿಕ್ ಕ್ಲಿಪ್ ಬೇಕಿತ್ತು. ಲೋಹದ್ದೇ ಗಟ್ಟಿ, ಸೆರಾಮಿಕ್ ಒಡೆಯುತ್ತದೆ ಅಂದೆ. ಸುಳ್ಳೇನಲ್ಲ. ಆದರೆ ಬೇಡ ಅಂದಿದ್ದಕ್ಕೆ ಕಾರಣ ದುಡ್ಡು. ಹಲ್ಲು ಸಾಲಾಗುವುದು ಎರಡರಲ್ಲೂ ಒಂದೇ ಥರ. ಫೋಟೋದಲ್ಲಿ ನೀನು ತುಟಿ ಬಿಗಿಹಿಡಿದಾಗೆಲ್ಲ ಮಾತ್ರ ನನಗೆ ಒಂಥರಾ ಆಗುತ್ತಿತ್ತು.

ಜಾಸ್ತಿ ಕೊಟ್ಟರೆ ಬೇಗ ಮುಗಿಯುತ್ತಾ ಅಂತಲೂ ಡಾಕ್ಟರನ್ನು ಕೇಳಿದ್ದೆ. ಅವರು ನಕ್ಕರು. ತಂತಿ ಹಲ್ಲನ್ನು ಯಾವ ಕಡೆ ಒತ್ತುತ್ತದೋ ಆ ಕಡೆ ದವಡೆಯ ಮೂಳೆ ಸ್ವಲ್ಪ ಸ್ವಲ್ಪ ಕರಗಿ ದಾರಿ ಬಿಡುತ್ತದೆ. ಹಲ್ಲು ಸರಿದ ಹಿಂದೆ ಹೊಸ ಮೂಳೆ ತುಂಬಿಕೊಳ್ಳುತ್ತದೆ. ಅವಸರ ಮಾಡಿ ಜೋರಾಗಿ ಒತ್ತಿದರೆ ಹಲ್ಲಿನ ಬೇರೇ ಸವೆದೀತು. ಮೊದಲು ಹಾಕಿದ್ದ ತೆಳು ತಂತಿ ನೆನಪಿದೆಯಾ? ನಿಕ್ಕಲ್, ಟೈಟಾನಿಯಂ ಬೆರೆಸಿದ್ದು. ಸೊಟ್ಟ ಹಲ್ಲಿಗೆ ಬಗ್ಗಿಸಿ ಕಟ್ಟಿದರೂ ಮೆಲ್ಲಗೆ ತನ್ನ ಆಕಾರಕ್ಕೇ ಮರಳುತ್ತದೆ, ಜೊತೆಗೆ ಹಲ್ಲನ್ನೂ ಎಳೆದುಕೊಂಡು ಬರುತ್ತದೆ. ಇಷ್ಟೆಲ್ಲ ಮಾಡಿ ತಿಂಗಳಿಗೆ ಸುಮಾರು 1 ಮಿಲಿಮೀಟರ್. ಪ್ರತಿ ಕಂತು ಕಟ್ಟುವಾಗಲೂ ಮನಸ್ಸಿನಲ್ಲೇ "ತಗೋ, ಇನ್ನೊಂದು ಮಿಲಿಮೀಟರ್" ಅಂದುಕೊಳ್ಳುತ್ತಿದ್ದೆ.

ಪೆನ್ಸಿಲ್ ಕಚ್ಚಿ ಬ್ರಾಕೆಟ್ ಕಿತ್ತುಕೊಂಡೆಯಲ್ಲ, ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಆ ಪುಟ್ಟ ಲೋಹದ ಚೂರು ತಂತಿಯ ಮೇಲೆ ಅತ್ತಿತ್ತ ಜಾರುತ್ತಿತ್ತು, ತಂತಿಯ ತುದಿ ಕೆನ್ನೆಗೆ ಚುಚ್ಚುತ್ತಿತ್ತು. ರಾತ್ರಿ ನೀನು ಮುಲುಗಿದ್ದು ಕೇಳಿ ಅಮ್ಮ ಎದ್ದಳು. ನಾನು ಟಾರ್ಚ್ ಹಿಡಿದೆ, ಅವಳು ಬಟಾಣಿಯಷ್ಟು ಮೇಣ ಉಂಡೆ ಮಾಡಿ ತುದಿಗೆ ಅಂಟಿಸಿದಳು. ಆಗ ನೀನು ಕೇಳಿದ್ದು, "ಎಷ್ಟಾಗುತ್ತೆ?" ಅಂತ. ಮೊದಲ ಎರಡು ಬ್ರಾಕೆಟ್‌ಗೆ ದುಡ್ಡು ಇಲ್ಲ ಅಂತ ಆ ಹಾಳೆಯಲ್ಲೇ ಇತ್ತು ಕಣೇ. ಹಾಳೆ ನಿನಗೆ ತೋರಿಸಿದ್ದರೆ ನಾಲ್ಕು ದಿನದ ನೋವು ತಪ್ಪುತ್ತಿತ್ತು, ಅಲ್ವಾ? ಅದನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಓದಿಕೋ. ಎಲ್ಲಾ ಕಟ್ಟಿ ಆಗಿದೆ, ಸಾಲ ಏನೂ ಇಲ್ಲ.

ಇನ್ನು ರಿಟೈನರ್. ಹೊಸ ಮೂಳೆ ಗಟ್ಟಿಯಾಗುವ ತನಕ ಹಲ್ಲಿಗೆ ಹಳೆಯ ಜಾಗದ ಕಡೆಗೇ ಎಳೆತ. ಮೊದಲ ಕೆಲವು ತಿಂಗಳು ಊಟಕ್ಕೆ, ಹಲ್ಲುಜ್ಜುವುದಕ್ಕೆ ಬಿಟ್ಟು ತೆಗೆಯಬಾರದು, ಆಮೇಲೆ ರಾತ್ರಿ ಹೊತ್ತು ವರ್ಷಗಟ್ಟಲೆ. ಒಂದೇ ಒಂದು ರಿಟೈನರ್ ಹಾಳೆಯ ಲೆಕ್ಕದಲ್ಲಿದೆ. ಎಷ್ಟೋ ಮಕ್ಕಳು ಊಟಕ್ಕೆ ಕೂತಾಗ ಟಿಶ್ಯೂ ಪೇಪರಿನಲ್ಲಿ ಸುತ್ತಿಟ್ಟು, ಎದ್ದು ಹೋಗುವಾಗ ಅದನ್ನೇ ಕಸದ ಬುಟ್ಟಿಗೆ ಹಾಕುತ್ತಾರಂತೆ. ಡಬ್ಬಿ ಯಾವ ಬಣ್ಣದ್ದು ಬೇಕು ಅಂತ ಕೇಳಿದರು. ಬಿಳಿ ಬೇಡ ಅಂತ ಹೇಳಿ ಕಡುಗೆಂಪಿನದು ತಂದಿದ್ದೇನೆ. ನಿನ್ನ ಬ್ಯಾಗಿನ ಮುಂದಿನ ಜಿಪ್‌ನಲ್ಲಿದೆ.

ಅಪ್ಪ